ಲೆಕ್ಕಕ್ಕೆ ಸಿಗದ ಸೊಪ್ಪು

"ಹೊಸದಾಗಿ ಯಾವುದಾದರೂ ಮಾತ್ರೆ ಶುರು ಮಾಡಿದ್ದೀರಾ ಅಮ್ಮ?" ಎಂದು ಡಾಕ್ಟರು ಕೇಳಿದರು. "ಇಲ್ಲ ಸ್ವಾಮಿ" ಎಂದಳು ಅವ್ವ. ಇದಾಗಿ ಹತ್ತು ತಿಂಗಳಾಯಿತು. ಆ ಪ್ರಶ್ನೆ, ಆ ಉತ್ತರ ಎರಡೂ ನನ್ನನ್ನು ಇನ್ನೂ ಬಿಟ್ಟಿಲ್ಲ. ಡಾಕ್ಟರು ಕೇಳಬೇಕಾದದ್ದನ್ನೇ ಕೇಳಿದ್ದರು, ಅವ್ವನೂ ಸುಳ್ಳು ಹೇಳಿರಲಿಲ್ಲ. ಅವಳ ಮಟ್ಟಿಗೆ ಮಾತ್ರೆ ಎಂದರೆ ಹಾಳೆಯಿಂದ ಒತ್ತಿ ತೆಗೆದು ನೀರಿನೊಂದಿಗೆ ನುಂಗುವ ವಸ್ತು. ಮನೆಯ ಗೂಡಿನಲ್ಲಿ, ಕೊಬ್ಬರಿ ಎಣ್ಣೆಯ ಬಾಟಲಿಗೂ ನೋವಿನ ಮುಲಾಮಿನ ಡಬ್ಬಿಗೂ ನಡುವೆ, ಆರು ವಾರಗಳಿಂದ ನಿಂತಿದ್ದ ಕಂದು ಬಣ್ಣದ ಪುಟ್ಟ ಸೀಸೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅವ್ವನಿಗೆ ಈಗ ಎಪ್ಪತ್ತೊಂದು. ಪಾಂಡವಪುರದ ಕಡೆ ನಮ್ಮ ಊರಿನಲ್ಲಿ ಒಬ್ಬಳೇ ಇದ್ದಾಳೆ. ಮೈಸೂರಿಗೆ ಬಂದು ನಮ್ಮ ಜೊತೆ ಇರು ಎಂದರೆ ಒಪ್ಪುವುದಿಲ್ಲ. ಒಂಬತ್ತು ವರ್ಷಗಳ ಹಿಂದೆ ಅವಳ ಹೃದಯದ ಮೈಟ್ರಲ್ ಕವಾಟವನ್ನು ತೆಗೆದು ಲೋಹದ ಕವಾಟ ಕೂರಿಸಿದರು. ಚಿಕ್ಕಂದಿನಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರ ಹೃದಯಕ್ಕೆ ಕೊಟ್ಟ ಪೆಟ್ಟು ಅದು. ಲೋಹದ ಕವಾಟ ಇರುವವರು ಕೊನೆಯವರೆಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗಬೇಕು, ಆಗಾಗ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆ ಮಾಡಿಸಬೇಕು. ಅವ್ವನಿಗೆ ಆ ಅಂಕಿ 2.5ರಿಂದ 3.5ರ ನಡುವೆ ಇರಬೇಕು. ಇಳಿದರೆ ಕವಾಟದ ಮೇಲೆ ರಕ್ತ ಗಟ್ಟಿಯಾಗುವ ಭಯ, ಏರಿದರೆ ಒಳಗೆಲ್ಲೋ ರಕ್ತ ಸೋರುವ ಭಯ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೆ ಇರಬಾರದು, ಅಷ್ಟೆ. ಮುದ್ದೆ ಬಸ್ಸಾರಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಸಣ್ಣ ಶಿಸ್ತಲ್ಲ. ಅವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಸೊಪ್ಪು ಬೇಯಿಸಿದ ದಿನದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾಳೆ. ದಂಟು, ಕೀರೆ, ನುಗ್ಗೆ, ಹೊನಗೊನೆ, ಯಾವುದಾದರೂ ಸರಿ, ಒಂದು ಗೆರೆ. ಒಂಬತ್ತು ವರ್ಷಗಳಿಂದ ಆ ಗೆರೆ ತಪ್ಪಿಲ್ಲ.

ಕಳೆದ ಮಾಗಿಯ ಒಂದು ಭಾನುವಾರ ಊರಿಗೆ ಹೋದಾಗ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಮೊರಕ್ಕೆ ಕಾಳು ಹಾಕಲು ಕೈ ಚಾಚಿದಾಗ ಮುಂಗೈಯ ಮೇಲೆ ನೇರಳೆ ಹಣ್ಣು ಹಿಸುಕಿದಂಥ ಕಲೆ ಕಂಡಿತು. "ಬಾಗಿಲಿಗೆ ತಗುಲಿರಬೇಕು" ಎಂದು ಸೆರಗು ಎಳೆದುಕೊಂಡಳು. ಸೆರಗು ಸರಿಸಿ ನೋಡಿದರೆ ಒಂದಲ್ಲ, ಮೂರು ಕಲೆಗಳು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ ಎಂಬುದನ್ನು ನಾನು ಎರಡನೆಯ ಸಲ ಕೇಳಿದ ಮೇಲೆ ಹೇಳಿದಳು. ಮರುದಿನ ಮೈಸೂರಿನಲ್ಲಿ ರಕ್ತ ಕೊಟ್ಟೆವು. ಸಂಜೆ ಬಂದ ಅಂಕಿ 5.8. ಡಾಕ್ಟರು ಸೊಪ್ಪಿನ ಬಗ್ಗೆ ಕೇಳಿದರು, ಜ್ವರ ಬಂದಿತ್ತೇ ಎಂದು ಕೇಳಿದರು, ಆ್ಯಂಟಿಬಯಾಟಿಕ್ ನುಂಗಿದ್ದೀರಾ ಎಂದು ಕೇಳಿದರು, ಮೇಲಿನ ಪ್ರಶ್ನೆಯನ್ನು ಕೇಳಿದರು. ಎಲ್ಲಕ್ಕೂ ಇಲ್ಲ ಎಂಬ ಉತ್ತರ ಬಂದ ಮೇಲೆ ನನಗೆ ಆ ಸೀಸೆ ನೆನಪಾಯಿತು. ದೀಪಾವಳಿಗೆ ಬಂದಿದ್ದ ತಂಗಿಯ ಮಗ ಅಜ್ಜಿಯ ಮೊಣಕಾಲು ನೋವಿಗೆಂದು ತಂದುಕೊಟ್ಟಿದ್ದ ಸಿಬಿಡಿ ಎಣ್ಣೆ. ಬೆಳಿಗ್ಗೆ ಹತ್ತು ಹನಿ, ರಾತ್ರಿ ಹತ್ತು ಹನಿ. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಅದರ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ ಎಂದೂ ಅವನೇ ಹೇಳಿದ್ದ. ಹುಡುಗನಿಗೆ ಅಜ್ಜಿಯ ಮೇಲೆ ಪ್ರಾಣ.

"ಎಣ್ಣೆಯೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅದನ್ನು ಇವತ್ತೇ ನಿಲ್ಲಿಸಿ" ಎಂದರು ಡಾಕ್ಟರು. ವಾರ್ಫರಿನ್ ಎರಡು ದಿನ ಬಿಡಿಸಿದರು. ಮೂರನೆಯ ದಿನ 3.9, ಮುಂದಿನ ವಾರ 3.1. ಅವ್ವ ಅಷ್ಟು ದಿನವೂ ನಮ್ಮ ಮನೆಯಲ್ಲೇ ಇದ್ದಳು. ಒಂದು ರಾತ್ರಿ ನಾನು ಬೇಸರದಿಂದ, ಇಷ್ಟೆಲ್ಲ ಕೇಳಿದಾಗ ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. "ಅದು ಮಾತ್ರೆಯಲ್ಲವಲ್ಲ ಕಣವ್ವ, ಎಣ್ಣೆ. ಯಾವುದೋ ಸೊಪ್ಪಿನ ಎಣ್ಣೆ" ಎಂದಳು. ಸೀಸೆಯ ಮೇಲೆ ವಿಜಯಾ ಎಂದು ಬರೆದಿತ್ತು. ವಿಜಯಾ ಎಂದರೆ ಭಂಗಿಸೊಪ್ಪು ಎಂದು ನಾನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದಕ್ಕೂ ಗೆರೆ ಎಳೆಯಬೇಕಿತ್ತೇ?" ಎಂದು ಕೇಳಿದಳು. ಆಮೇಲೆ ದೀಪ ಆರಿಸುವ ಮುಂಚೆ ಮತ್ತೊಂದು ಮಾತು ಸೇರಿಸಿದಳು. "ಆದರೂ ಆ ಆರು ವಾರ ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ."

ಆ ಎಣ್ಣೆಯನ್ನು ಶಪಿಸಿ ಸುಮ್ಮನಾಗಲು ನನಗೆ ಬಿಡದಿದ್ದದ್ದು ಈ ಕೊನೆಯ ಮಾತು.

ಆನಂದದ ತೂಬು

ಗಾಂಜಾ ಗಿಡದಲ್ಲಿರುವ ವಸ್ತು ಅಮಲೇರಿಸದೆ ಇರುವುದು ಹೇಗೆ ಎಂಬುದು ನಾನು ಮೊದಲು ಬಿಡಿಸಿಕೊಳ್ಳಬೇಕಾಗಿದ್ದ ಗಂಟು. ಅಮಲೇರಿಸುವುದು ಆ ಗಿಡದ ಇನ್ನೊಂದು ವಸ್ತುವಾದ ಟಿಎಚ್‌ಸಿ. ಸಿಬಿಡಿ, ಅಂದರೆ ಕ್ಯಾನಬಿಡಿಯಾಲ್, ಆ ಕೆಲಸ ಮಾಡುವುದಿಲ್ಲ. ಎರಡರಲ್ಲಿಯೂ ಇರುವುದು 21 ಇಂಗಾಲ, 30 ಜಲಜನಕ, 2 ಆಮ್ಲಜನಕದ ಪರಮಾಣುಗಳು, ತೂಕವೂ ಒಂದೇ. ಒಂದರಲ್ಲಿ ಒಂದು ಉಂಗುರ ಮುಚ್ಚಿಕೊಂಡಿದೆ, ಇನ್ನೊಂದರಲ್ಲಿ ಅದೇ ಉಂಗುರ ತೆರೆದುಕೊಂಡಿದೆ. ಅಷ್ಟಕ್ಕೇ ಗುಣ ಬೇರೆಯಾಗಿದೆ. ಸಿಬಿಡಿಯನ್ನು 1940ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಬೇರ್ಪಡಿಸಿದರು. ಅದರ ರಚನೆಯನ್ನು ಸರಿಯಾಗಿ ಬಿಡಿಸಿ ತೋರಿಸಿದ್ದು ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಸಂಗಡಿಗರು, 1963ರಲ್ಲಿ.

ಇವು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತವೆ ಎಂದು ಗೊತ್ತಾಗಲು ಇನ್ನೂ ಕಾಲು ಶತಮಾನ ಬೇಕಾಯಿತು. 1988ರಲ್ಲಿ ಮಿದುಳಿನ ನರಕೋಶಗಳ ಮೇಲೆ ಟಿಎಚ್‌ಸಿ ಹಿಡಿದುಕೊಳ್ಳುವ ಗ್ರಾಹಿಯೊಂದು ಸಿಕ್ಕಿತು. ಅದನ್ನು ಈಗ ಸಿಬಿ1 ಎನ್ನುತ್ತಾರೆ. ಎಲ್ಲೋ ಬೆಳೆಯುವ ಒಂದು ಗಿಡದ ಕೀಲಿಗೆಂದು ನಮ್ಮ ತಲೆಯೊಳಗೆ ಬೀಗ ಇರಲಾರದು. ಹಾಗಾದರೆ ದೇಹದ್ದೇ ಕೀಲಿ ಒಂದಿರಬೇಕು. ಅದನ್ನು 1992ರಲ್ಲಿ ಮೆಕೂಲಮ್ ಅವರ ಪ್ರಯೋಗಾಲಯ ಹಂದಿಯ ಮಿದುಳಿನಿಂದ ತೆಗೆಯಿತು. ಆ ಅಣುವಿಗೆ ಇಟ್ಟ ಹೆಸರು ಆನಂದಮೈಡ್. ಸಂಸ್ಕೃತದ ಆನಂದವೇ ಅದು. ಜೆರುಸಲೇಮಿನ ಪ್ರಯೋಗಾಲಯದಲ್ಲಿ ಕೂತವರು ತಮ್ಮ ಅಣುವಿಗೆ ನಮ್ಮ ಕಡೆಯ ಅಜ್ಜಂದಿರ ಹೆಸರನ್ನು ಹುಡುಕಿ ಇಟ್ಟರಲ್ಲ ಎಂದು ಓದಿದ ದಿನ ನನಗೆ ಸಂತೋಷವಾಯಿತು.

ಆನಂದಮೈಡ್ ಮಾಡುವ ಕೆಲಸವನ್ನು ನಾನು ನಮ್ಮ ನಾಲೆಯಿಂದ ಅರ್ಥ ಮಾಡಿಕೊಂಡೆ. ಸಾಮಾನ್ಯವಾಗಿ ನರಕೋಶಗಳ ಸಂದೇಶ ಮೇಲಿನಿಂದ ಕೆಳಕ್ಕೆ, ಒಂದು ಕೋಶದಿಂದ ಮುಂದಿನ ಕೋಶಕ್ಕೆ ಹರಿಯುತ್ತದೆ. ಆನಂದಮೈಡ್ ಮತ್ತು ಅದರ ಜೊತೆಗಾರ ಅಣುಗಳು ಹಿಮ್ಮುಖವಾಗಿ ಹೋಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಗದ್ದೆ ತುಂಬಿ ಬದು ಒಡೆಯುವಂತಾದಾಗ, ಕೆಳಗದ್ದೆಯವನು ಗುದ್ದಲಿ ಹಿಡಿದು ಏರಿಯ ಮೇಲೆ ನಡೆದುಹೋಗಿ, ಸಾಕು, ತೂಬು ಇಳಿಸು ಎಂದು ನೀರುಗಂಟಿಗೆ ಹೇಳುತ್ತಾನೆ. ಅಂಥದ್ದೇ ಕೆಲಸ. ನೋವು, ಹಸಿವು, ಭಯ, ನಿದ್ದೆ, ನೆನಪು ಹರಿಯುವ ಕಾಲುವೆಗಳಲ್ಲೆಲ್ಲ ಇಂಥ ತೂಬುಗಳಿವೆ. ಹೇಳುವುದು ಹೇಳಿಯಾದ ಮೇಲೆ ಆನಂದಮೈಡನ್ನು ಒಂದು ಕಿಣ್ವ ಕೂಡಲೇ ಒಡೆದು ಹಾಕುತ್ತದೆ. ಟಿಎಚ್‌ಸಿ ಬಂದರೆ ಹಾಗಲ್ಲ. ಅದು ತೂಬಿನ ಮೇಲೆಯೇ ಕೂತುಬಿಡುತ್ತದೆ, ಗಂಟೆಗಟ್ಟಲೆ ಏಳುವುದಿಲ್ಲ. ಉಸಿರಾಟವನ್ನು ನಡೆಸುವ ಮಿದುಳುಕಾಂಡದಲ್ಲಿ ಸಿಬಿ1 ತೀರ ವಿರಳ. ಅಫೀಮು ಹೆಚ್ಚಾದಾಗ ಉಸಿರು ನಿಲ್ಲುವಂತೆ ಭಂಗಿ ಹೆಚ್ಚಾದಾಗ ನಿಲ್ಲದಿರುವುದು ಅದರಿಂದಲೇ.

ಸಿಬಿಡಿ ಆ ಬೀಗಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಬೀಗದ ಪಕ್ಕದಲ್ಲಿ ಎಲ್ಲೋ ಅಂಟಿಕೊಂಡು ಅದರ ಆಕಾರವನ್ನು ತುಸು ಬದಲಿಸುತ್ತದೆ, ಹಾಗಾಗಿ ಬೇರೆ ಕೀಲಿಗಳ ಹಿಡಿತ ಸಡಿಲವಾಗುತ್ತದೆ. ಆನಂದಮೈಡನ್ನು ಒಡೆಯುವ ಕಿಣ್ವವನ್ನು ಅದು ನಿಧಾನಗೊಳಿಸುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಮನಸ್ಸಿನ ಆತಂಕಕ್ಕೆ ಸಂಬಂಧಿಸಿದ ಸೆರೊಟೋನಿನ್‌ನ ಒಂದು ಗ್ರಾಹಿಯನ್ನು ಮುಟ್ಟುತ್ತದೆ. ನರಕೋಶಗಳು ಸಿಡಿಯುವಂತೆ ಮಾಡುವ ಸೋಡಿಯಂ ದಾರಿಗಳನ್ನು ಬಿಗಿ ಮಾಡುತ್ತದೆ. ಇನ್ನೊಂದು ಗ್ರಾಹಿಯ ಕತೆ ನಮಗೆ ಊಟದ ತಟ್ಟೆಯಿಂದಲೇ ಗೊತ್ತಿರುವಂಥದ್ದು. ಟಿಆರ್‌ಪಿವಿ1 ಎಂದು ಅದರ ಹೆಸರು. ಮೆಣಸಿನಕಾಯಿ ನಾಲಿಗೆಯನ್ನು ಸುಡುವುದು ಅದರ ಮೂಲಕವೇ; 1997ರಲ್ಲಿ ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನಾಟಿಕೋಳಿ ಸಾರಿನ ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬರುತ್ತದೆ, ಹತ್ತನೆಯ ತುತ್ತಿಗೆ ಬಾಯಿ ಒಗ್ಗಿರುತ್ತದೆ. ಮೊದಲು ಕೆರಳಿಸಿ ಆಮೇಲೆ ಮರಗಟ್ಟಿಸುವ ಈ ಆಟವನ್ನು ಸಿಬಿಡಿಯೂ ಅದೇ ಗ್ರಾಹಿಯೊಂದಿಗೆ ಆಡುತ್ತದೆ.

ಸಿಬಿಡಿ ಮಾರುವವರು ಇದನ್ನೆಲ್ಲ ಒಟ್ಟುಗೂಡಿಸಿ ದೇಹದ ಸಮತೋಲನ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಆ ಪದ ಒಪ್ಪಿಗೆಯಾಗುವುದಿಲ್ಲ. ಇಷ್ಟು ಬಾಗಿಲು ತಟ್ಟುವ ವಸ್ತು ನಮಗೆ ಬೇಕಾದ ಬಾಗಿಲನ್ನು ಮಾತ್ರ ತಟ್ಟಿ ಹೋಗುತ್ತದೆ ಎಂದು ನಂಬುವುದು ಹೇಗೆ? ಅವ್ವನ ಯಕೃತ್ತಿನ ಬಾಗಿಲನ್ನೂ ಅದು ತಟ್ಟಿತ್ತು.

ಬೀಗದ ಕೈ ಗೊಂಚಲು

ಓದುತ್ತಾ ಹೋದ ಹಾಗೆ ನಾನು ತಡೆದು ನಿಂತದ್ದು ಮೂರ್ಛೆ ರೋಗದ ಬಳಿ. ಸಿಬಿಡಿಯ ಬಗ್ಗೆ ಗಟ್ಟಿಯಾದ ಪುರಾವೆ ಇರುವುದು ಅಲ್ಲಿ. ಆದರೆ ನಾನು ನಿಂತದ್ದು ಪುರಾವೆಗಾಗಿ ಅಲ್ಲ.

1985ರಲ್ಲಿ ನಾನು ಊರಿನ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದೆ. ಮಳೆ ಬಂದು ನಿಂತಿದ್ದ ಒಂದು ಮಧ್ಯಾಹ್ನ ಹಿಂದಿನ ಸಾಲಿನ ಹುಡುಗನೊಬ್ಬ ನಿಂತು ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದ. ಹದಿಮೂರು ಎಂಟರವರೆಗೆ ಬಂದವನು ಮುಂದೆ ಹೇಳಲಿಲ್ಲ. ಮರೆತಿದ್ದಾನೆ ಎಂದುಕೊಂಡೆವು. ಆಮೇಲೆ ಅವನ ಸ್ಲೇಟು ನೆಲಕ್ಕೆ ಬಿದ್ದು ಒಡೆದ ಸದ್ದು. ತಿರುಗಿ ನೋಡಿದರೆ ಬೆಂಚು ಮತ್ತು ಗೋಡೆಯ ನಡುವೆ ಅವನ ಕೈಕಾಲು ಸೆಟೆದು ಅದುರುತ್ತಿತ್ತು, ಬಾಯಿಯಲ್ಲಿ ನೊರೆ. ಮೇಷ್ಟರು ಓಡಿ ಬಂದು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಅವನ ಮುಷ್ಟಿಯೊಳಗೆ ತುರುಕಿದರು. ಶಾಲೆಯ ಪಕ್ಕದ ಮನೆಯವರು ಈರುಳ್ಳಿ ಜಜ್ಜಿ ತಂದರು. ಎರಡು ನಿಮಿಷ ಇರಬಹುದು, ನಿಂತಿತು. "ಕಬ್ಬಿಣ ಮುಟ್ಟಿದ ಕೂಡಲೇ ಇಳಿಯಿತು ನೋಡಿ" ಎಂದು ಯಾರೋ ಹೇಳಿದರು. ಅವನು ಕಣ್ಣು ಬಿಟ್ಟು ನಮ್ಮೆಲ್ಲರ ಮುಖ ನೋಡಿದ, ತನ್ನ ಚಡ್ಡಿ ಒದ್ದೆಯಾಗಿರುವುದನ್ನು ನೋಡಿಕೊಂಡ. ಮರುದಿನದಿಂದ ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ಮುಂದಿನ ವರ್ಷ ಎತ್ತು ತೊಳೆಯಲು ಹೋಗಿದ್ದಾಗ ಅವನು ನಾಲೆಯಲ್ಲಿ ತೀರಿಕೊಂಡ. ಈಜು ಬರುತ್ತಿತ್ತು ಅವನಿಗೆ.

ಬಹುತೇಕ ಸೆಳವುಗಳು ಎರಡು ಮೂರು ನಿಮಿಷದಲ್ಲಿ ತಾವೇ ನಿಲ್ಲುತ್ತವೆ. ಆ ಹೊತ್ತಿಗೆ ಕೈಯಲ್ಲಿ ಏನಿರುತ್ತದೆಯೋ ಅದಕ್ಕೆ ಹೆಸರು ಬರುತ್ತದೆ. ಮಾಡಬೇಕಾದದ್ದು ಇಷ್ಟು: ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡುವುದು, ಬಾಯಿಗೆ ಏನನ್ನೂ ಹಾಕದಿರುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು. ಬೀಗದ ಕೈಗೆ ಸಲ್ಲುವ ಹೆಸರನ್ನು ಔಷಧಿಗೆ ಸಲ್ಲುವ ಹೆಸರಿನಿಂದ ಬೇರೆ ಮಾಡಬೇಕೆಂದರೆ ಇನ್ನೊಂದು ಗುಂಪಿಗೆ ಹುಸಿ ಔಷಧಿ ಕೊಟ್ಟು ನೋಡಬೇಕಾಗುತ್ತದೆ. 1839ರಲ್ಲಿ ಕಲ್ಕತ್ತೆಯಲ್ಲಿದ್ದ ಓಶಾಗ್ನೆಸಿ ಎಂಬ ವೈದ್ಯರು ಸೆಳವು ಬರುತ್ತಿದ್ದ ಹಸುಗೂಸಿಗೆ ಗಾಂಜಾದ ಸಾರ ಕೊಟ್ಟು, ಗುಣ ಕಂಡದ್ದನ್ನು ಬರೆದಿಟ್ಟರು. ಅದು ಒಂದೇ ಮಗು. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡ್ರಾವೆ ಸಿಂಡ್ರೋಮ್ ಎಂಬ ಕ್ರೂರ ಬಗೆಯ ಮೂರ್ಛೆ ಇದ್ದ 120 ಮಕ್ಕಳು ಮತ್ತು ಹರೆಯದವರಿದ್ದರು. ಸಿಬಿಡಿ ಪಡೆದವರಲ್ಲಿ ತಿಂಗಳಿಗೆ 12.4 ಇದ್ದ ಸೆಳವುಗಳ ಮಧ್ಯಮಾಂಕ 5.9ಕ್ಕೆ ಇಳಿಯಿತು. ಹುಸಿ ಔಷಧಿ ಪಡೆದವರಲ್ಲಿ 14.9 ಇದ್ದದ್ದು 14.1ಕ್ಕೆ ನಿಂತಿತು. ಪೂರ್ತಿ ನಿಂತದ್ದು ನೂರಕ್ಕೆ ಐದು ಮಂದಿಗೆ ಮಾತ್ರ. ಆದರೂ ಹನ್ನೆರಡು ಸಲ ಮಗುವನ್ನು ನೆಲದಿಂದ ಎತ್ತಿಕೊಳ್ಳುವ ತಾಯಿಗೆ ಅದು ಆರು ಸಲವಾಗುವುದು ಏನೆಂದು ಹೇಳಬೇಕಾಗಿಲ್ಲ. 2018ರ ಜೂನ್‌ನಲ್ಲಿ ಅಮೆರಿಕ ಎಪಿಡಿಯೊಲೆಕ್ಸ್ ಎಂಬ ಹೆಸರಿನ ಶುದ್ಧ ಸಿಬಿಡಿಗೆ ಔಷಧಿಯಾಗಿ ಒಪ್ಪಿಗೆ ಕೊಟ್ಟಿತು. ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧಿ, ಮಿಲಿಲೀಟರಿಗೆ 100 ಮಿಲಿಗ್ರಾಂ.

ನನ್ನ ಆ ಸಹಪಾಠಿಗೆ ಸಿಬಿಡಿ ಬೇಕಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೂರ್ಛೆ ರೋಗ ಇರುವವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಸಾಮಾನ್ಯ ಮಾತ್ರೆಗಳಿಂದಲೇ ಸೆಳವಿಲ್ಲದೆ ಬದುಕಬಲ್ಲರು. ಅವನ ಕಾಲದಲ್ಲೂ ಫಿನೋಬಾರ್ಬಿಟೋನ್ ಇತ್ತು, ಅಗ್ಗವಾಗಿಯೇ ಸಿಗುತ್ತಿತ್ತು. ಸಿಬಿಡಿ ಬರುವುದು ಅವೆಲ್ಲ ಸೋತ ಮೇಲೆ, ಕೆಲವೇ ಬಗೆಯ ಮೂರ್ಛೆಗೆ, ಉಳಿದ ಮಾತ್ರೆಗಳ ಜೊತೆಯಲ್ಲಿ. ಒಳ್ಳೆಯ ಸುದ್ದಿ ಕೇಳಿ ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಮಗುವಿಗೆ ಎಣ್ಣೆ ಹನಿ ಹಾಕುವವರಿಗೆ ಇದನ್ನು ಕೈ ಹಿಡಿದು ಹೇಳಬೇಕೆನಿಸುತ್ತದೆ.

ಹನಿಯ ಲೆಕ್ಕ

ಅವ್ವನ ಸೀಸೆಯನ್ನು ಮೇಜಿನ ಮೇಲಿಟ್ಟುಕೊಂಡು ಲೆಕ್ಕ ಹಾಕಿದೆ. 30 ಮಿಲಿಲೀಟರ್ ಎಣ್ಣೆ, ಹೊರಗೆ ದೊಡ್ಡದಾಗಿ 1500 ಮಿಲಿಗ್ರಾಂ ಎಂದು ಬರಹ. ಮಿಲಿಲೀಟರಿಗೆ 50 ಮಿಲಿಗ್ರಾಂ. ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ ಎಂದಿಟ್ಟುಕೊಂಡರೆ ಹನಿಗೆ 2.5 ಮಿಲಿಗ್ರಾಂ. ಅವ್ವನ ಇಪ್ಪತ್ತು ಹನಿಗೆ ದಿನಕ್ಕೆ 50 ಮಿಲಿಗ್ರಾಂ. ಸಣ್ಣ ಅಕ್ಷರ ಓದಿದಾಗ ಈ ಲೆಕ್ಕವೂ ಬಿದ್ದುಹೋಯಿತು. 1500 ಎಂಬುದು ವಿಜಯಾ ಎಲೆಯ ಸಾರದ ತೂಕ. ಅದರೊಳಗೆ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ಸೀಸೆಯ ಮೇಲೆ ಎಲ್ಲಿಯೂ ಇರಲಿಲ್ಲ. ಎಲೆಯ ಪೂರ್ಣ ಸಾರದಲ್ಲಿ ಟಿಎಚ್‌ಸಿ ಇದ್ದೇ ಇರುತ್ತದೆ. ಇದು ನಮ್ಮ ದೇಶದ ಕೊರತೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಆನ್‌ಲೈನ್ ಮಾರಾಟಕ್ಕಿದ್ದ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊರಗೆ ಬರೆದಷ್ಟೇ ಒಳಗಿದ್ದದ್ದು ನೂರಕ್ಕೆ 31ರಲ್ಲಿ. 18 ಉತ್ಪನ್ನಗಳಲ್ಲಿ ಟಿಎಚ್‌ಸಿ ಇತ್ತು.

ಇನ್ನು ಪ್ರಮಾಣ. ಮೂರ್ಛೆಗೆ ಕೊಡುವಾಗ 20 ಕಿಲೋ ತೂಕದ ಮಗುವಿಗೆ ದಿನಕ್ಕೆ ಎರಡು ಸಲ 50 ಮಿಲಿಗ್ರಾಂನಿಂದ ಶುರು ಮಾಡಿ, ವಾರದ ನಂತರ ಎರಡು ಸಲ 100 ಮಿಲಿಗ್ರಾಂಗೆ ಏರಿಸುತ್ತಾರೆ. ಆತಂಕಕ್ಕೆ ಸಂಬಂಧಿಸಿದಂತೆ ಬ್ರೆಜಿಲಿನಲ್ಲಿ ಆರೋಗ್ಯವಂತ ಗಂಡಸರನ್ನು ಸಭೆಯ ಮುಂದೆ ಮಾತನಾಡಿಸುವ ಪ್ರಯೋಗ ಮಾಡಿದರು. ಮೊದಲೇ ಕೆಲವರಿಗೆ 150, ಕೆಲವರಿಗೆ 300, ಕೆಲವರಿಗೆ 600 ಮಿಲಿಗ್ರಾಂ ಸಿಬಿಡಿ ಕೊಟ್ಟಿದ್ದರು. ಆತಂಕ ತಗ್ಗಿದ್ದು 300 ನುಂಗಿದವರಿಗೆ ಮಾತ್ರ. 150 ಸಾಲಲಿಲ್ಲ, 600 ಕೂಡ ಕೆಲಸ ಮಾಡಲಿಲ್ಲ. ಆ 300 ಮಿಲಿಗ್ರಾಂ ಅವ್ವನ ಸೀಸೆಯ ಲೆಕ್ಕದಲ್ಲಿ, ಅದರ ಬರಹವನ್ನು ಪೂರ್ತಿ ನಂಬಿದರೂ, 120 ಹನಿ. ಮೊಣಕಾಲಿನ ಸವೆತದ ನೋವಿಗೆ ವಿಯೆನ್ನಾದಲ್ಲಿ 86 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ 600 ಮಿಲಿಗ್ರಾಂ, ಎಂಟು ವಾರ, ಪ್ಯಾರಸಿಟಮಾಲ್ ಜೊತೆಗೆ ಕೊಟ್ಟರು. ಹುಸಿ ಔಷಧಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಅವ್ವನ ಮೊಣಕಾಲಿಗೆ ಈ ಎಣ್ಣೆ ಬೇಕಾಗಿರಲಿಲ್ಲ ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ. ಅವಳ ನಿದ್ದೆ ಮಾತ್ರ ನಿಜವಾದದ್ದು. ಅದಕ್ಕೆ ಸಾರದಲ್ಲಿದ್ದ ಟಿಎಚ್‌ಸಿ ಕಾರಣವೋ, ಮೊಮ್ಮಗ ತನಗಾಗಿ ಹುಡುಕಿ ತಂದಿದ್ದಾನೆ ಎಂಬ ನೆಮ್ಮದಿ ಕಾರಣವೋ, ಒಬ್ಬಳೇ ಇರುವ ಮನೆಯಲ್ಲಿ ದಿನವೂ ರಾತ್ರಿ ಅವನು ಫೋನ್ ಮಾಡಿ ಹನಿ ಹಾಕಿಕೊಂಡೆಯಾ ಅಜ್ಜಿ ಎಂದು ಕೇಳುತ್ತಿದ್ದದ್ದು ಕಾರಣವೋ. ನಾನು ಆ ಕೊನೆಯದರ ಕಡೆಗೆ ಹೆಚ್ಚು ವಾಲುತ್ತೇನೆ.

ತುಪ್ಪದ ಮಾತಿಗೆ ಬರುತ್ತೇನೆ. ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಸಿಬಿಡಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದು ನೂರಕ್ಕೆ ಸುಮಾರು ಆರು ಪಾಲು. ಉಳಿದದ್ದು ಕರುಳಿನಲ್ಲಿ ಮತ್ತು ಯಕೃತ್ತಿನಲ್ಲಿ ಕಳೆದುಹೋಗುತ್ತದೆ. ಕೊಬ್ಬು ಹೆಚ್ಚಿರುವ ಊಟದ ಜೊತೆ ನುಂಗಿದರೆ ಅದು ನಾಲ್ಕೈದು ಪಟ್ಟು ಏರುತ್ತದೆ. ನಾಲಿಗೆಯ ಕೆಳಗೆ ಹನಿ ಹಾಕಿಕೊಂಡರೂ ಬಹುಪಾಲು ಜೊಲ್ಲಿನೊಂದಿಗೆ ಹೊಟ್ಟೆಗೇ ಇಳಿಯುತ್ತದೆ. ನನ್ನ ಗೆಳತಿಯೊಬ್ಬಳು ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಓದಿದವಳು. 1908ರಲ್ಲಿ ಶುರುವಾದ ಕಾಲೇಜು ಅದು. ಇದನ್ನು ಹೇಳಿದಾಗ ಅವಳು, "ನಮ್ಮಲ್ಲಿ ಅದಕ್ಕೇ ಅನುಪಾನ ಎಂಬ ಮಾತಿದೆಯಲ್ಲ. ಔಷಧಿ ಬರೆದಷ್ಟೇ ಮುಖ್ಯವಾಗಿ ಯಾವುದರ ಜೊತೆ ಎಂದೂ ಬರೆಯುತ್ತೇವೆ. ಜೇನಿನ ಜೊತೆ ಒಂದು ಕೆಲಸ, ತುಪ್ಪದ ಜೊತೆ ಇನ್ನೊಂದು" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: ವಿಜಯಾವನ್ನು ಆಯುರ್ವೇದ ಉಪವಿಷಗಳ ಸಾಲಿನಲ್ಲಿ ಇಟ್ಟಿದೆ, ಶೋಧನೆ, ಅಂದರೆ ಶುದ್ಧಿ, ಮಾಡದೆ ಬಳಸುವಂತಿಲ್ಲ. 1940ರ ಔಷಧ ಕಾಯಿದೆಯಡಿಯ ನಿಯಮಗಳ ಇ1 ಪಟ್ಟಿಯಲ್ಲೂ ಭಂಗಿ ಇದೆ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಸೀಸೆಯ ಮೇಲೆ ಇರಲೇಬೇಕು. ನಾನು ಸೀಸೆ ತಿರುಗಿಸಿ ನೋಡಿದೆ. ಆ ಸಾಲು ಇತ್ತು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ.

ಯಕೃತ್ತಿನಲ್ಲಿ ಆದದ್ದೇನೆಂದರೆ, ವಾರ್ಫರಿನ್ ಅನ್ನು ಅರೆದು ಹೊರಹಾಕುವ ಕಿಣ್ವಗಳಲ್ಲಿ ಮುಖ್ಯವಾದದ್ದನ್ನು ಸಿಬಿಡಿ ತಡೆಯುತ್ತದೆ. ಟಿಎಚ್‌ಸಿಯೂ ಅದನ್ನೇ ಮಾಡಬಲ್ಲದು. ಕಾರ್ಖಾನೆಯ ಗಾಣ ನಿಧಾನವಾದ ದಿನ ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ನಿಲ್ಲುವುದನ್ನು ಮಂಡ್ಯದವರೆಲ್ಲ ನೋಡಿದ್ದೇವೆ. ಹಾಗೆ ಅವ್ವನ ರಕ್ತದಲ್ಲಿ ನಿನ್ನೆಯ ಮಾತ್ರೆ, ಮೊನ್ನೆಯ ಮಾತ್ರೆ ಎಲ್ಲವೂ ನಿಂತಿರಬೇಕು. ಸಿಬಿಡಿ ಬಳಸುತ್ತಿದ್ದ ಮೂರ್ಛೆ ರೋಗಿಯೊಬ್ಬರ ವಾರ್ಫರಿನ್ ಪ್ರಮಾಣವನ್ನು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿಸಬೇಕಾಗಿ ಬಂದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಮೂರ್ಛೆಯ ಮಾತ್ರೆಯಾದ ಕ್ಲೋಬಜಾಮ್ ದೇಹದಲ್ಲಿ ಮಾರ್ಪಟ್ಟು ಆಗುವ ವಸ್ತುವಿನ ಮಟ್ಟ ಸಿಬಿಡಿಯಿಂದ ಸುಮಾರು ಮೂರು ಪಟ್ಟು ಏರುತ್ತದೆ, ಮಗು ತೂಕಡಿಸುತ್ತಲೇ ಇರುತ್ತದೆ. ಮೂರ್ಛೆಯ ಇನ್ನೊಂದು ಮಾತ್ರೆಯಾದ ವಾಲ್ಪ್ರೋಯೇಟ್ ಜೊತೆ ಸೇರಿದರೆ ಯಕೃತ್ತಿಗೆ ಪೆಟ್ಟು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಅದನ್ನು ದೇಹ ತಿರಸ್ಕರಿಸದಂತೆ ನುಂಗುವ ಟ್ಯಾಕ್ರೊಲಿಮಸ್ ಮಟ್ಟವೂ ಏರುತ್ತದೆ. ದಿನವೂ ತೆಗೆದುಕೊಳ್ಳುವವರ ದೇಹದಲ್ಲಿ ಸಿಬಿಡಿ ಅರ್ಧಕ್ಕೆ ಇಳಿಯಲು 56ರಿಂದ 61 ಗಂಟೆ ಬೇಕು. ಇವತ್ತು ನಿಲ್ಲಿಸಿದರೂ ಅದು ಹತ್ತು ದಿನ ಮನೆ ಬಿಡುವುದಿಲ್ಲ. ಅವ್ವನಿಗೆ ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ್ದು ಅದಕ್ಕೇ.

ಹಾಗಾದರೆ ಬಳಸುವವರು ಹೇಗೆ ಬಳಸಬೇಕು ಎಂದು ಈಗ ನನ್ನನ್ನು ಯಾರಾದರೂ ಕೇಳಿದರೆ, ಮೊದಲು ನೀವು ನುಂಗುತ್ತಿರುವ ಇತರ ಮಾತ್ರೆಗಳನ್ನು ಬರೆದ ಡಾಕ್ಟರಿಗೆ ತಿಳಿಸಿ ಎನ್ನುತ್ತೇನೆ. ಸೀಸೆಯ ಮೇಲೆ ಸಾರದ ತೂಕ ಇದೆಯೋ ಸಿಬಿಡಿಯ ತೂಕ ಇದೆಯೋ ನೋಡಿ. ಆ ಬ್ಯಾಚಿನ ಪ್ರಯೋಗಾಲಯ ವರದಿ ಕೇಳಿ, ಅದರಲ್ಲಿ ಟಿಎಚ್‌ಸಿ ಮತ್ತು ಭಾರಲೋಹದ ಅಂಕಿ ಹುಡುಕಿ, ಈ ಗಿಡ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುತ್ತದೆ. ವರದಿ ಕೊಡದವರಿಂದ ಕೊಳ್ಳಬೇಡಿ. ಕಡಿಮೆಯಿಂದ ಶುರು ಮಾಡಿ, ವಾರಗಟ್ಟಲೆ ಅದೇ ಪ್ರಮಾಣದಲ್ಲಿ ನಿಲ್ಲಿ. ದಿನವೂ ಒಂದೇ ಹೊತ್ತಿಗೆ, ಒಂದೇ ಬಗೆಯ ಊಟದ ಜೊತೆ. ಇವತ್ತು ಬರಿ ಹೊಟ್ಟೆ, ನಾಳೆ ಹಬ್ಬದೂಟ ಆದರೆ ಪ್ರಮಾಣವೇ ಬದಲಾದಂತೆ. ನುಂಗಿದ ಮೇಲೆ ರಕ್ತದಲ್ಲಿ ತುದಿಗೇರಲು ಎರಡೂವರೆಯಿಂದ ಐದು ಗಂಟೆ ಬೇಕು, ಆದ್ದರಿಂದ ಅರ್ಧ ಗಂಟೆಗೆ ಏನೂ ಆಗಲಿಲ್ಲವೆಂದು ಮತ್ತೆ ಹಾಕಿಕೊಳ್ಳಬೇಡಿ. ತೂಕಡಿಕೆ, ಭೇದಿ, ಹಸಿವು ಕಡಿಮೆಯಾಗುವುದು ಸಾಮಾನ್ಯ. ಟಿಎಚ್‌ಸಿ ಇರುವ ಸಾರ ಬಳಸಿ ಬೈಕು ಹತ್ತಬೇಡಿ. ಬಸುರಿಯರು, ಹಾಲೂಡಿಸುವವರು ಮುಟ್ಟದಿರುವುದೇ ಸರಿ. ಅಂಗಡಿಯಲ್ಲಿ ಆಹಾರವಾಗಿ ಸಿಗುವ ಹೆಂಪ್ ಬೀಜದ ಎಣ್ಣೆ ಬೇರೆಯದೇ ವಸ್ತು. 2021ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಗೆ ಕೊಟ್ಟದ್ದು ಬೀಜಕ್ಕೆ, ಅದರಲ್ಲಿ ಸಿಬಿಡಿ ಹೆಸರಿಗಷ್ಟೇ ಇರುತ್ತದೆ. 1985ರ ಮಾದಕ ವಸ್ತು ಕಾಯಿದೆ ಗಾಂಜಾ ಎನ್ನುವುದು ಹೂ ಮತ್ತು ಕಾಯಿಯ ತುದಿಗೆ. ತುದಿಯಿಲ್ಲದ ಎಲೆಯನ್ನೂ ಬೀಜವನ್ನೂ ಆ ವ್ಯಾಖ್ಯೆಯಿಂದ ಬಿಟ್ಟಿದೆ. ಎಲೆಯ ಸಾರ ಸೀಸೆಗೆ ಬಂದದ್ದು ಆ ದಾರಿಯಲ್ಲಿ. ಹಾಗೆಂದು ಅನುಮತಿಯಿಲ್ಲದೆ ಹಿತ್ತಲಿನಲ್ಲಿ ಒಂದು ಗಿಡ ಬೆಳೆಸಿದರೂ ಅಪರಾಧವೇ.

ಕೈಚೀಲ

ಕಳೆದ ತಿಂಗಳ ಪರೀಕ್ಷೆಗೆ ಅವ್ವ ಊರಿನಿಂದ ಬರುವಾಗ ಬಟ್ಟೆಯ ಕೈಚೀಲವೊಂದನ್ನು ತಂದಿದ್ದಳು. ಡಾಕ್ಟರು ಎಂದಿನ ಪ್ರಶ್ನೆ ಕೇಳುವ ಮುಂಚೆಯೇ, "ಸ್ವಾಮಿ, ಮಾತ್ರೆ ಯಾವುದು, ಯಾವುದಲ್ಲ ಎಂದು ನನಗೆ ತಿಳಿಯುವುದಿಲ್ಲ. ಗೂಡಿನಲ್ಲಿ ಇದ್ದದ್ದನ್ನೆಲ್ಲ ತಂದಿದ್ದೇನೆ" ಎಂದು ಚೀಲವನ್ನು ಮೇಜಿನ ಮೇಲೆ ಖಾಲಿ ಮಾಡಿದಳು. ಕಷಾಯದ ಪುಡಿ, ಮೆಂತ್ಯದ ಪೊಟ್ಟಣ, ಗ್ಯಾಸಿನ ಮಾತ್ರೆಯ ಅರ್ಧ ಹಾಳೆ, ಯಾರೋ ಕೊಟ್ಟ ನೆಲನೆಲ್ಲಿ ಚೂರ್ಣ, ಕೊಬ್ಬರಿ ಎಣ್ಣೆ ಕೂಡ. ಕ್ಯಾಲೆಂಡರಿನ ಹಳೆಯ ಹಾಳೆಗಳನ್ನೂ ಮಡಚಿ ತಂದಿದ್ದಳು. ಡಾಕ್ಟರು ಬರೆಯುವ ಪುಸ್ತಕ ಪಕ್ಕಕ್ಕೆ ಸರಿಸಿ ಒಂದೊಂದನ್ನೇ ಎತ್ತಿ ನೋಡಿದರು. ಮುಲಾಮಿನ ಡಬ್ಬಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದವರು ಅದನ್ನು ಕೆಳಗಿಡಲಿಲ್ಲ.

"ಇದರಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇದೆ. ಹೆಚ್ಚಾಗಿ ತಿಕ್ಕಿದರೆ ಚರ್ಮದಿಂದ ರಕ್ತಕ್ಕೆ ಇಳಿಯುತ್ತದೆ, ನಿಮ್ಮ ಮಾತ್ರೆಯ ಬಲ ಏರಿಸುತ್ತದೆ. ದಿನಕ್ಕೆ ಎಷ್ಟು ಸಲ ಹಚ್ಚುತ್ತೀರಿ ಅಮ್ಮ?"

ಅವ್ವ ನನ್ನ ಮುಖ ನೋಡಿದಳು. "ಈಗ ಒಂದೇ ಸಲ ಸ್ವಾಮಿ. ಮಾಗಿಯಲ್ಲಿ ನೋವು ಜಾಸ್ತಿ, ಆಗ ಮೂರು ನಾಲ್ಕು ಸಲ."

ಡಾಕ್ಟರು ಪುಸ್ತಕವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.